ಡಿಸ್ಕ್ ಹಾಳಾಗಿಲ್ರಿ, ಲಾಗ್ ತುಂಬೈತಿ: ಫಾರ್ಮ್ಯಾಟ್ ಮಾಡೋಕಿಂತ ಮೊದ್ಲ ಒಂದ್ಸಲ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಈಗೀಗ ವಿಂಡೋಸ್ ಬದಲಿ ಲಿನಕ್ಸ್ ಹಾಕಿದ ಕಂಪ್ಯೂಟರ್ ಕಣ್ಣಿಗೆ ಬೀಳಾಕತ್ತಾವ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು, ಹಳೇ ಮಷೀನಿಗೆ ವಿಂಡೋಸ್ 11 ಕೂಡಂಗಿಲ್ಲ, ಹೊಸಾದು ತಗೊಳ್ಳಾಕ ರೊಕ್ಕ ಇಲ್ಲ, ಹಂಗಾಗಿ ಸಾಲಿ ಲ್ಯಾಬಿನವರು, ರೈಸ್ ಮಿಲ್ಲಿನ ಲೆಕ್ಕದವರು, ಝೆರಾಕ್ಸ್ ಅಂಗಡಿಯವರು ಉಬುಂಟು, ಮಿಂಟ್ ಅನ್ನೋ ಲಿನಕ್ಸ್ ಹಾಕಿಸ್ಕೊಂಡ್ರು. ಬಾಳ ಒಳ್ಳೇದಾತು, ಹತ್ತು ವರ್ಷದ ಮಷೀನ್ ಸೈತ ಚಂದಂಗ ಓಡ್ತಾವ. ಆದ್ರ ಹಾಕಿಕೊಟ್ಟೋರು ಒಂದು ಮಾತು ಹೇಳ್ದೆ ಹೋಗ್ಯಾರ, ಅದರಿಂದ ಮಂದಿಗೆ ಲುಕ್ಸಾನ ಆಗಾಕತ್ತೈತಿ, ಅದನ್ನ ನಿಮ್ಮ ಪತ್ರಿಕೆ ಮೂಲಕ ಹೇಳ್ಬೇಕಂತ ಈ ಪತ್ರ ಬರದೀನಿ. ಸ್ವಲ್ಪ ಉದ್ದ ಐತಿ, ದಯವಿಟ್ಟು ಕತ್ತರಿಸಬ್ಯಾಡ್ರಿ.

ಏನಾಗ್ತೈತಿ ಅಂದ್ರ, ಚಲೋ ನಡ್ಯಾಕತ್ತಿದ್ದ ಮಷೀನ್ ಒಂದಿನ ಮುಂಜಾನೆ ಪಾಸ್‌ವರ್ಡ್ ಹಾಕಿದ್ರ ಒಳಗ ಬಿಡಂಗಿಲ್ಲ. ಪಾಸ್‌ವರ್ಡ್ ಸರಿನೇ ಇರ್ತೈತಿ, ಪರದೆ ಒಂದು ಕ್ಷಣ ಕಪ್ಪಾಗಿ ಮತ್ತ ಅದೇ ಲಾಗಿನ್ ಪರದೆಗೆ ಬಂದು ನಿಂದರ್ತೈತಿ. ಇಲ್ಲಾಂದ್ರ ಪ್ರಿಂಟ್ ಕೊಟ್ರ ಹೋಗಂಗಿಲ್ಲ, ಫೈಲ್ ಸೇವ್ ಆಗಂಗಿಲ್ಲ, "ಡಿಸ್ಕಿನ್ಯಾಗ ಜಾಗ ಇಲ್ಲ" ಅಂತ ಬರ್ತೈತಿ. ರಿಪೇರಿಗೆ ಒಯ್ದ್ರ ಎಷ್ಟೋ ಕಡೆ ಒಂದೇ ಮಾತು, "ಹಾರ್ಡ್ ಡಿಸ್ಕ್ ಹೋಗೈತಿ, ಫಾರ್ಮ್ಯಾಟ್ ಮಾಡ್ಬೇಕು" ಅಂತ. ಫಾರ್ಮ್ಯಾಟ್ ಮಾಡಿದ ಮ್ಯಾಲೆ ಸಾಲಿ ಮಕ್ಕಳ ಅಂಕಪಟ್ಟಿ, ಮಿಲ್ಲಿನ ಸ್ಟಾಕ್ ಲೆಕ್ಕ, ಯಾರದೋ ಮದುವಿ ಫೋಟೋ ಎಲ್ಲ ಹೋಗ್ತಾವ. ನಾ ಇದೇ ರಿಪೇರಿ ಕೆಲಸದಾಗ ಇರೋವ, ಹಿಂಗ ಬಂದ ಮಷೀನ್ ತೆಗೆದು ನೋಡಿದಾಗ ಡಿಸ್ಕ್ ಗಟ್ಟಿ ಇರ್ತೈತಿ, ಅದರಾಗ ತುಂಬಿದ್ದು ಲಾಗ್ ಫೈಲ್ ಇರ್ತಾವ. ಒಂದೊಂದು ಫೈಲ್ ಹತ್ತಾರು ಜಿಬಿ. ನೋಡಿ ಹೊಟ್ಟಿ ಉರೀತೈತ್ರಿ, ಯಾಕಂದ್ರ ಅದನ್ನ ತೆಗ್ಯಾಕ ಹತ್ತು ನಿಮಿಷನೂ ಬೇಕಾಗಿದ್ದಿಲ್ಲ.

ಲಾಗ್ ಅಂದ್ರ ಕಂಪ್ಯೂಟರ್ ತಾನು ಮಾಡಿದ್ದು, ತನಗ ಆಗಿದ್ದು ಎಲ್ಲ ಬರದಿಟ್ಟುಕೊಳ್ಳೋ ದಿನಚರಿ ಅಷ್ಟ. ಈ ಪದ್ಧತಿ ಹಳೇದು, 1980ರ ದಶಕದಾಗ ಬರ್ಕ್ಲಿಯೊಳಗ ಎರಿಕ್ ಆಲ್ಮನ್ ಅನ್ನೋರು ಸೆಂಡ್‌ಮೇಲ್ ಅನ್ನೋ ಮೇಲ್ ಸಾಫ್ಟ್‌ವೇರಿಗಂತ ಸಿಸ್‌ಲಾಗ್ ಮಾಡಿದ್ರು, ಆಮ್ಯಾಲೆ ಯೂನಿಕ್ಸ್, ಲಿನಕ್ಸ್ ಎಲ್ಲಾದಕ್ಕೂ ಬಂತು. ಅದರಾಗ 0ಯಿಂದ 7ರ ತನಕ ಎಂಟು ಮಟ್ಟ ಅದಾವ. 0 ಅಂದ್ರ ಸಿಸ್ಟಮ್ ಮುಳುಗ್ತು ಅಂತ, 3 ಎರರ್, 4 ವಾರ್ನಿಂಗ್, 6 ಸುಮ್ನ ಮಾಹಿತಿ, 7 ಡೀಬಗ್, ಅಂದ್ರ ಸಾಫ್ಟ್‌ವೇರ್ ಬರದೋರಿಗೆ ಮಾತ್ರ ಬೇಕಾದದ್ದು. ಈಗಿನ ಲಿನಕ್ಸ್‌ನ್ಯಾಗ ಜರ್ನಲ್‌ಡಿ ಅನ್ನೋದು ಇದನ್ನೆಲ್ಲ ಕೂಡಿಸಿ ಜರ್ನಲ್ ಅನ್ನೋ ತನ್ನ ಫೈಲಿನ್ಯಾಗ ಇಡ್ತೈತಿ, ಉಬುಂಟು ಮಿಂಟ್‌ನ್ಯಾಗ ಅದರ ಜೋಡಿ ಆರ್‌ಸಿಸ್‌ಲಾಗ್ ಅನ್ನೋದೂ ಐತಿ, ಅದು ಸಿಸ್‌ಲಾಗ್, ಕರ್ನ್.ಲಾಗ್ ಅನ್ನೋ ಸಾದಾ ಫೈಲಿನ್ಯಾಗ ಬರೀತೈತಿ. ಜರ್ನಲ್‌ಡಿ ನಾವು ಏನೂ ಬದಲಿ ಮಾಡದಿದ್ರ 7ರ ತನಕ ಎಲ್ಲಾನೂ ಇಟ್ಟುಕೊಳ್ತೈತಿ. ಸಂತ್ಯಾಗ ಕೈ ತಪ್ಪಿದ ಕೂಸು ಅತ್ರ ಯಾರಿಗೂ ಕೇಳಂಗಿಲ್ಲಲ್ಲ, ಹಂಗ ಖರೇ ಬೇಕಾದ ಒಂದು ಎರರ್ ಸಾಲು ಲಕ್ಷಾಂತರ ಬ್ಯಾಡಾದ ಸಾಲಿನ ನಡುವ ಮುಚ್ಚಿ ಹೋಗ್ತೈತಿ. ಜಾಗ ತುಂಬೋದು ಒಂದು ತ್ರಾಸು, ಇದು ಅದಕ್ಕಿಂತ ದೊಡ್ಡ ತ್ರಾಸು.

ಈಗ ಮಾಡೋದೇನು. ಕಮಾಂಡ್ ಪತ್ರಿಕೆ ಸಲುವಾಗಿ ಕನ್ನಡ ಅಕ್ಷರದಾಗ ಬರದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣ ಅಕ್ಷರದಾಗ ಹೊಡೀರಿ (200M ಅನ್ನೋದರ M ದೊಡ್ಡ ಅಕ್ಷರ, SystemMaxUse, LogLevelMax, Storage ಇವನ್ನ ಹಿಂಗೇ ಬರೀರಿ), ಎಲ್ಲಾ ಕಮಾಂಡಿನ ಮುಂದ ಸುಡೋ (sudo, ಅಂದ್ರ ಮಾಲೀಕನ ಅಧಿಕಾರದಿಂದ ಓಡಿಸು ಅಂತ) ಹಚ್ರಿ. ಲಾಗಿನ್ ಆಗದಿದ್ರ ಕಂಟ್ರೋಲ್, ಆಲ್ಟ್, ಎಫ್3 ಕೂಡಿ ಒತ್ತಿದ್ರ ಕಪ್ಪು ಪರದೆ ಬರ್ತೈತಿ, ಅಲ್ಲಿ ಅದೇ ಹೆಸರು ಪಾಸ್‌ವರ್ಡ್ ನಡೀತೈತಿ. ಒಳಗ ಹೋಗಿ ಡಿಎಫ್ -ಎಚ್ ಅಂದ್ರ ಡಿಸ್ಕ್ ಎಷ್ಟು ತುಂಬೈತಿ ತೋರಿಸ್ತೈತಿ, ಡಿಯು -ಎಸ್‌ಎಚ್ /ವಾರ್/ಲಾಗ್ ಅಂದ್ರ ಅದರಾಗ ಲಾಗಿನ ಪಾಲು ಎಷ್ಟು ಅಂತ, ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್ ಅಂದ್ರ ಜರ್ನಲ್ ಒಂದರದ್ದೇ ಲೆಕ್ಕ. ಇಷ್ಟು ನೋಡಿದ್ರ ಸಾಕು, ಡಿಸ್ಕಿನ್ಯಾಗ ತುಂಬಿದ್ದು ಲಾಗೋ ಅಲ್ಲೋ ಅನ್ನೋದು ಅಲ್ಲೇ ಗೊತ್ತಾಗ್ತೈತಿ. ಗಿರಾಕಿ ಮುಂದೇನ ಮಾಡಿ ತೋರಿಸ್ಬಹುದು.

ಜರ್ನಲ್ ದೊಡ್ಡದಾಗಿದ್ರ ಜರ್ನಲ್‌ಸಿಟಿಎಲ್ --ರೊಟೇಟ್ --ವ್ಯಾಕ್ಯೂಮ್-ಸೈಜ್=200ಎಂ ಅಂತ ಹೊಡೀರಿ. ರೊಟೇಟ್ ಯಾಕ ಹೇಳ್ತೀನಿ ಅಂದ್ರ, ವ್ಯಾಕ್ಯೂಮ್ ಅನ್ನೋದು ಮುಚ್ಚಿಟ್ಟ ಹಳೇ ಫೈಲ್ ಮಾತ್ರ ತೆಗೀತೈತಿ, ಈಗ ಬರ್ಯಾಕತ್ತಿರೋ ಫೈಲ್ ಮುಟ್ಟಂಗಿಲ್ಲ, ಬಾಳ ಮಂದಿ ವ್ಯಾಕ್ಯೂಮ್ ಮಾಡಿದೆ ಏನೂ ಕಡಿಮಿ ಆಗ್ಲಿಲ್ಲ ಅನ್ನೋದು ಇದಕ್ಕ. ಜರ್ನಲ್ ಅಲ್ಲದ ಸಿಸ್‌ಲಾಗ್, ಕರ್ನ್.ಲಾಗ್ ಅನ್ನೋ ಫೈಲ್ ಉಬ್ಬಿದ್ರ ಆರ್‌ಎಂ ಹೊಡದು ಅಳಿಸಬ್ಯಾಡ್ರಿ. ಆರ್‌ಸಿಸ್‌ಲಾಗ್ ಆ ಫೈಲ್ ಹಿಡ್ಕೊಂಡೇ ಇರ್ತೈತಿ, ಹೆಸರು ಹೋಗ್ತೈತಿ ಜಾಗ ಖಾಲಿ ಆಗಂಗಿಲ್ಲ. ಟ್ರಂಕೇಟ್ -ಎಸ್ 0 /ವಾರ್/ಲಾಗ್/ಸಿಸ್‌ಲಾಗ್ ಅಂದ್ರ ಫೈಲ್ ಇದ್ದಲ್ಲೇ ಇದ್ದು ಒಳಗ ಖಾಲಿ ಆಗ್ತೈತಿ. ಆದ್ರ ಖಾಲಿ ಮಾಡೋಕಿಂತ ಮೊದ್ಲ ಟೇಲ್ -ಎನ್ 200 ಹಾಕಿ ಕಡೀ ಇನ್ನೂರು ಸಾಲು ಪೆನ್ ಡ್ರೈವಿಗೆ ತಗೊಂಡು ಇಟ್ಟುಕೊಳ್ರಿ, ಕಳ್ಳ ಯಾರಂತ ಅದರಾಗೇ ಇರ್ತೈತಿ.

ಇಲ್ಲಿತನಕ ಮಾಡಿದ್ದು ಬರೀ ಕಸ ಹೊಡದಂಗಾತು, ನಾ ಹೇಳ್ಬೇಕಾದ ಮುಖ್ಯ ವಿಷಯ ಈಗ ಬಂತು. ಲಾಗ್ ಬಂದ್ ಮಾಡಬ್ಯಾಡ್ರಿ, ಒದರೋರು ಯಾರು ಅಂತ ಹುಡುಕ್ರಿ. ಯಾವಾಗ್ಲೂ ಹಿಂಗ ಉಬ್ಬೋ ಮಷೀನ್‌ನ್ಯಾಗ ನೂರು ಸಾಫ್ಟ್‌ವೇರ್ ಕೂಡಿ ಬರೀತಿರಂಗಿಲ್ಲ, ಒಂದೋ ಎರಡೋ ಹುಚ್ಚು ಹಿಡದಂಗ ಒಂದೇ ಸಾಲು ಬರ್ಯಾಕತ್ತಿರ್ತಾವ. ಜರ್ನಲ್‌ಸಿಟಿಎಲ್ -ಎಫ್ ಅಂತ ಹೊಡದು ಸ್ವಲ್ಪ ಹೊತ್ತು ನೋಡ್ಕೊಂತ ಕುಂದರ್ರಿ, ಪರದೆ ಮ್ಯಾಲೆ ಅವು ಓಡೋದು ಕಾಣ್ತೈತಿ. -ಕೆ ಹಾಕಿದ್ರ ಕರ್ನಲ್, ಅಂದ್ರ ಲಿನಕ್ಸಿನ ತಿರುಳು, ಅದರ ಮಾತು ಮಾತ್ರ, -ಯು ಹಾಕಿ ಸರ್ವಿಸ್ (ಹಿಂದಿಂದ ನಡ್ಯೋ ಸಾಫ್ಟ್‌ವೇರ್) ಹೆಸರು ಕೊಟ್ರ ಅದರದ್ದಷ್ಟ, -ಬಿ -ಪಿ 3 ಹಾಕಿದ್ರ ಈ ಸಲ ಚಾಲೂ ಆದಾಗಿಂದ ಬಂದ ಎರರ್ ಮಟ್ಟದ್ದು ಮತ್ತ ಅದಕ್ಕಿಂತ ಗಂಭೀರ ಇದ್ದದ್ದು ಮಾತ್ರ.

ನಾ ಕಂಡಂಗ ಹಳೇ ಲ್ಯಾಪ್‌ಟಾಪ್‌ನ್ಯಾಗ ದೊಡ್ಡ ಉಪದ್ವ್ಯಾಪ ಕೊಡೋದು ಪಿಸಿಐಇ ಬಸ್ ಎರರ್, ಸಿವಿಯರಿಟಿ ಕರೆಕ್ಟೆಡ್ ಅನ್ನೋ ಸಾಲು. ಪಿಸಿಐಇ ಅಂದ್ರ ಒಳಗಿನ ಕಾರ್ಡ್ ಬೋರ್ಡಿಗೆ ಕೂಡೋ ದಾರಿ. ಕರೆಕ್ಟೆಡ್ ಅಂತ ಅದರಾಗೇ ಐತಿ ನೋಡ್ರಿ, ವೈಫೈ ಕಾರ್ಡಿನ ಜೋಡಿ ಮಾತಾಡೋವಾಗ ಸಣ್ಣ ತಪ್ಪಾತು, ಹಾರ್ಡ್‌ವೇರ್ ತಾನೇ ಸರಿ ಮಾಡ್ಕೊಂತು, ಅಷ್ಟ. ಆದ್ರ ಪ್ರತೀಸಲ ಆ ಸಂಗತಿ ಬರ್ಕೊಂತ ಹೋಗ್ತೈತಿ, ಉಬುಂಟುದಾಗ ಅದು ಜರ್ನಲ್‌ನ್ಯಾಗ ಒಮ್ಮೆ, ಸಿಸ್‌ಲಾಗ್‌ನ್ಯಾಗ ಒಮ್ಮೆ, ಕರ್ನ್.ಲಾಗ್‌ನ್ಯಾಗ ಇನ್ನೊಮ್ಮೆ, ಹಿಂಗ ಮೂರು ಕಡೆ ಬೀಳ್ತೈತಿ, ಸಣ್ಣ ಎಸ್‌ಎಸ್‌ಡಿ ತುಂಬಾಕ ಎಷ್ಟೊತ್ತು. ಇದಕ್ಕ ಇಂಟರ್ನೆಟ್ಟಿನ್ಯಾಗ ಸಿಗೋ ಮೊದಲ್ನೇ ಉಪಾಯ ಬೂಟ್ ಸಾಲಿನ್ಯಾಗ, ಅಂದ್ರ ಮಷೀನ್ ಚಾಲೂ ಆಗೋವಾಗ ಕರ್ನಲ್ ಓದೋ ಸಾಲಿನ್ಯಾಗ, ಪಿಸಿಐ=ನೋಎಇಆರ್ ಅಂತ ಸೇರಿಸೋದು. ಅದು ಬಾಯಿ ಮುಚ್ಚಿಸೋದು ಮಾತ್ರ, ತಪ್ಪು ಒಳಗ ನಡದೇ ಇರ್ತೈತಿ. ನನ್ನ ಅಭಿಪ್ರಾಯ, ಮೊದ್ಲ ಬಯಾಸ್ ಅಪ್‌ಡೇಟ್ ಐತೇನು ನೋಡ್ರಿ, ಕಾರ್ಡ್ ಬಿಚ್ಚಿ ಸರಿಯಾಗಿ ಕೂಡಿಸ್ರಿ, ಆಮ್ಯಾಲೆ ಪಿಸಿಐಇ_ಎಎಸ್‌ಪಿಎಂ=ಆಫ್ ಹಾಕಿ ನೋಡ್ರಿ, ಇದು ಕರೆಂಟ್ ಉಳಿಸೋ ಸೌಲಭ್ಯ ಬಂದ್ ಮಾಡ್ತೈತಿ, ಎಷ್ಟೋ ಮಷೀನ್‌ನ್ಯಾಗ ತಪ್ಪೇ ನಿಂತು ಹೋಗ್ತೈತಿ, ಬ್ಯಾಟ್ರಿ ಸ್ವಲ್ಪ ಬ್ಯಾಗ ಇಳೀತೈತಿ ಅಷ್ಟ. ಯಾವುದೂ ಆಗ್ಲಿಲ್ಲಾಂದ್ರ ಮಾತ್ರ ನೋಎಇಆರ್. ಇವನ್ನ ಬರ್ಯೋದು /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನ್ಯಾಗ, ಬರದ ಮ್ಯಾಲೆ ಅಪ್‌ಡೇಟ್-ಗ್ರಬ್ ಹೊಡದು ರೀಸ್ಟಾರ್ಟ್ ಮಾಡ್ಬೇಕು.

ಕೆಲವು ಸಾಲು ಎಷ್ಟು ಸಲ ಬಂದ್ರೂ ಬಾಯಿ ಮುಚ್ಚಿಸಬಾರದು, ಇದನ್ನ ಕೈ ಮುಗದು ಹೇಳ್ತೀನಿ. ನಮ್ಮದು ಏಪ್ರಿಲ್ ಮೇ ಬಂದ್ರ 40 ಡಿಗ್ರಿ ದಾಟೋ ಸೀಮಿ, ರಾಯಚೂರು ಬಳ್ಳಾರಿಯವರಿಗೆ ನಾ ಹೇಳೋದೇನೈತಿ. ಮ್ಯಾಲೆ ಗಂಗಾವತಿ ಕಾರಟಗಿ ಮಿಲ್ಲಿನ್ಯಾಗ ತೌಡು ಹೊಟ್ಟಿನ ಧೂಳು ಸಿಪಿಯು ಫ್ಯಾನಿಗೆ ಕಂಬಳಿ ಹೊಚ್ಚಿರ್ತೈತಿ. ಅಲ್ಲಿ ಕೋರ್ ಟೆಂಪರೇಚರ್ ಎಬೋವ್ ಥ್ರೆಶೋಲ್ಡ್, ಕ್ಲಾಕ್ ಥ್ರಾಟಲ್ಡ್ ಅನ್ನೋ ಸಾಲು ಮ್ಯಾಲಿಂದ ಮ್ಯಾಲೆ ಬರ್ತೈತಿ. ಅದು ಕಸ ಅಲ್ರಿ, ಮಷೀನ್ ಬಿಸಿ ತಾಳವಲ್ಲದು, ಓಟ ಕಡಿಮಿ ಮಾಡ್ಕೊಂಡೀನಿ ಅಂತ ಹೇಳಾಕತ್ತೈತಿ. ಫ್ಯಾನ್ ಬಿಚ್ಚಿ ಬ್ಲೋವರ್ ಹೊಡದು, ಒಣಗಿದ ಪೇಸ್ಟ್ ತೆಗೆದು ಹೊಸಾದು ಹಚ್ಚಿದ್ರ ಸಾಲು ತಾನಾಗೇ ನಿಂದರ್ತೈತಿ. ಹಂಗೇ ಎಟಿಎ1 ಫೇಲ್ಡ್ ಕಮಾಂಡ್, ಐಒ ಎರರ್ ಎಸ್‌ಡಿಎ ಅಂತ ಬರಾಕತ್ತಿದ್ರ ಆಗ ಖರೇನ ಡಿಸ್ಕಿಗೆ ಇಲ್ಲಾ ಅದರ ಕೇಬಲಿಗೆ ತ್ರಾಸು ಐತಿ, ಎಲ್ಲ ಕೆಲಸ ಬಿಟ್ಟು ಮೊದ್ಲ ಬ್ಯಾಕಪ್ ತಗೋರಿ, ಆಮ್ಯಾಲೆ ಕೇಬಲ್ ಬದಲಿ ಮಾಡಿ ನೋಡ್ರಿ, ಸ್ಮಾರ್ಟ್‌ಸಿಟಿಎಲ್ ಹಾಕಿ ಡಿಸ್ಕಿನ ಆರೋಗ್ಯ ನೋಡ್ರಿ. ಯುಎಸ್‌ಬಿ ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ -71 ಅಂತ ಬಂದ್ರ ಬಾಳಾಗಿ ಸಡಿಲಾದ ವೈರೋ, ಅಗ್ಗದ ಯುಎಸ್‌ಬಿ ಹಬ್ಬೋ ಇರ್ತೈತಿ. ಈ ಸಾಲು ಮುಚ್ಚಿ ಹಾಕಿದೋರು ಮುಂದ ಒಂದಿನ ಮಷೀನ್ ಯಾಕ ಸತ್ತಿತು ಅಂತ ತಿಳೀದೇ ತಲಿ ಕೆಡಿಸ್ಕೊಂತಾರ.

ಕರೆಂಟ್ ವಿಷಯಾನೂ ಇದರಾಗ ಬರ್ತೈತಿ. ಹಳ್ಳಿ ಕಡೆ ಮಳಿ ಗಾಳಿ ಬಂದ್ರ ಕರೆಂಟ್ ಹೋಗ್ತೈತಿ, ಯುಪಿಎಸ್ ಬ್ಯಾಟ್ರಿ ಸತ್ತು ವರ್ಷ ಆಗಿರ್ತೈತಿ, ಮಷೀನ್ ದಪ್ಪಂತ ಬಂದ್ ಆಗ್ತೈತಿ. ಮತ್ತ ಚಾಲೂ ಆದಾಗ ಜರ್ನಲ್‌ಡಿ, ಫೈಲ್ ಸರಿಯಾಗಿ ಮುಚ್ಚಿಲ್ಲ, ಹೆಸರು ಬದಲಿ ಮಾಡಿ ಹೊಸಾದು ತಗೀತೀನಿ ಅಂತ ಬರೀತೈತಿ. ಹಂಗ ಬದಲಿ ಮಾಡಿದ ಫೈಲಿನ ಹೆಸರಿನ ಕಡಿಗೆ ಅಡ್ಡ ಸೊಟ್ಟ ಗೆರಿ, ಅಂದ್ರ ಟಿಲ್ಡೆ ಇರ್ತೈತಿ. ದಿನಾ ಕರೆಂಟ್ ಹೋಗೋ ಊರಾಗ ಇಂಥ ಫೈಲ್ ಸಾಲಾಗಿ ಕೂತಿರ್ತಾವ, ಜಾಗಾನೂ ತಿಂತಾವ. ವೈರಸ್ ಬಂತು ಅಂತ ಹೆದ್ರೋದು ಬ್ಯಾಡ, ಯುಪಿಎಸ್ ಬ್ಯಾಟ್ರಿ ಹಾಕಿಸ್ರಿ ಸಾಕು.

ಉಳದಿದ್ದು ಬ್ಯಾಗ ಹೇಳ್ತೀನಿ. ಯುಎಫ್‌ಡಬ್ಲ್ಯು ಬ್ಲಾಕ್ ಅನ್ನೋ ಸಾಲು ತುಂಬಿದ್ರ ಅದು ಫೈರ್‌ವಾಲ್, ಮನ್ಯಾಗಿನ ರೌಟರ್ ಎಲ್ಲರಿಗೂ ಕಳಿಸೋ ಸಾದಾ ಸಂದೇಶ ತಡದು ಪ್ರತೀಸಲ ಬರೀತೈತಿ, ಮನಿ ಮಷೀನ್ ಆದ್ರ ಯುಎಫ್‌ಡಬ್ಲ್ಯು ಲಾಗಿಂಗ್ ಆಫ್ ಮಾಡಿದ್ರ ನಡೀತೈತಿ, ಫೈರ್‌ವಾಲ್ ತನ್ನ ಕೆಲಸ ಮಾಡ್ಕೊಂತನೇ ಇರ್ತೈತಿ. ಪ್ರಿಂಟರ್ ಸಮಸ್ಯೆ ನೋಡಾಕ ಯಾರೋ ಪ್ರಿಂಟ್ ನೋಡ್ಕೊಳ್ಳೋ ಕಪ್ಸ್‌ನ ಡೀಬಗ್ ಚಾಲೂ ಮಾಡಿ ಹಂಗೇ ಬಿಟ್ಟು ಹೋಗಿರ್ತಾರ, ಕಪ್ಸ್‌ಸಿಟಿಎಲ್ --ನೋ-ಡೀಬಗ್-ಲಾಗಿಂಗ್ ಹೊಡೀರಿ. ಒಂದು ಸರ್ವಿಸ್ ಮಾತ್ರ ಅತಿ ಮಾತಾಡ್ತಿದ್ರ ಸಿಸ್ಟಮ್‌ಸಿಟಿಎಲ್ ಎಡಿಟ್ ಅಂತ ಆ ಸರ್ವಿಸ್ ಹೆಸರು ಕೊಟ್ಟು, ಸರ್ವಿಸ್ ಅನ್ನೋ ತಲೆಬರಹದ ಕೆಳಗ ಲಾಗ್‌ಲೆವೆಲ್‌ಮ್ಯಾಕ್ಸ್=ವಾರ್ನಿಂಗ್ ಅಂತ ಒಂದು ಸಾಲು ಬರದು ಆ ಸರ್ವಿಸ್ ರೀಸ್ಟಾರ್ಟ್ ಮಾಡ್ರಿ, ವಾರ್ನಿಂಗ್‌ಗಿಂತ ಸಣ್ಣ ಮಾತೆಲ್ಲ ಅಲ್ಲೇ ಬಿದ್ದು ಹೋಗ್ತಾವ, ವಾರ್ನಿಂಗ್, ಎರರ್ ಮತ್ತ ಅದಕ್ಕಿಂತ ಗಂಭೀರ ಇದ್ದದ್ದು ಉಳೀತಾವ. ನನಗ ಎಲ್ಲಾದಕ್ಕಿಂತ ಸೇರಿದ ಉಪಾಯ ಇದು, ಯಾಕಂದ್ರ ಬ್ಯಾರೆ ಯಾವುದಕ್ಕೂ ಧಕ್ಕಿ ಇಲ್ಲ. ಆರ್‌ಸಿಸ್‌ಲಾಗ್‌ನ್ಯಾಗ ಒಂದೇ ಒಂದು ಸಾಲು ತಡೀಬೇಕಂದ್ರ /ಇಟಿಸಿ/ಆರ್‌ಸಿಸ್‌ಲಾಗ್.ಡಿ ಫೋಲ್ಡರಿನ್ಯಾಗ 10ರಿಂದ ಚಾಲೂ ಆಗೋ ಹೆಸರಿನ ಫೈಲ್ ಮಾಡಿ ಆ ಸಾಲಿನ ಮಾತು ಕೊಟ್ಟು ಕಡಿಗೆ ಸ್ಟಾಪ್ ಅಂತ ಬರೀಬೇಕು, 50 ನಂಬರಿನ ಮೂಲ ಫೈಲಿಗಿಂತ ಮೊದ್ಲ ಅದು ಓದ್ಬೇಕು ಅಂತ 10.

ಇಷ್ಟಾದ ಮ್ಯಾಲೆ ಮಿತಿ ಹಾಕ್ರಿ. ಜರ್ನಲ್‌ಡಿ ತಾನಾಗೇ ಡಿಸ್ಕಿನ 10 ಪರ್ಸೆಂಟ್ ತನಕ ಬೆಳೀತೈತಿ, ಬಾಳ ಅಂದ್ರ 4 ಜಿಬಿ. /ಇಟಿಸಿ/ಸಿಸ್ಟಮ್‌ಡಿ/ಜರ್ನಲ್‌ಡಿ.ಕಾನ್ಫ್ ಫೈಲ್ ತೆಗೆದು ಸಿಸ್ಟಮ್‌ಮ್ಯಾಕ್ಸ್‌ಯೂಸ್ ಸಾಲಿನ ಮುಂದಿನ ಹ್ಯಾಶ್ ತೆಗೆದು 200ಎಂ ಅಂತ ಕೊಟ್ಟು ಸಿಸ್ಟಮ್‌ಡಿ-ಜರ್ನಲ್‌ಡಿ ರೀಸ್ಟಾರ್ಟ್ ಮಾಡಿದ್ರ ಮನಿ ಮಷೀನಿಗೆ ಬೇಕಾದಷ್ಟಾತು. ಆದ್ರ ಸಿಸ್‌ಲಾಗ್ ಫೈಲಿಗೆ ಈ ಮಿತಿ ಹತ್ತಂಗಿಲ್ಲ, ಅದನ್ನ ನೋಡ್ಕೊಳ್ಳೋದು ಲಾಗ್‌ರೊಟೇಟ್, ಹೊಸ ಉಬುಂಟುದಾಗ ಅದು ವಾರಕ್ಕೊಮ್ಮೆ ಫೈಲ್ ಮಡಚಿಟ್ಟು ನಾಕು ವಾರದ್ದು ಇಟ್ಟುಕೊಳ್ತೈತಿ. ವಾರದ ನಡುವ ಒಂದೇ ದಿನಕ್ಕ ಡಿಸ್ಕ್ ತುಂಬಿದ್ರ ಅದು ನೋಡಂಗಿಲ್ಲ. ಮ್ಯಾಕ್ಸ್‌ಸೈಜ್ 200ಎಂ ಅಂತ ಅದರ ಫೈಲಿನ್ಯಾಗ ಸೇರಿಸ್ಬಹುದು, ಆದ್ರೂ ಲಾಗ್‌ರೊಟೇಟ್ ಓಡೋದೇ ದಿನಕ್ಕ ಒಮ್ಮೆ, ಹಂಗಾಗಿ ಅದರ ಟೈಮರ್ ತಾಸಿಗೊಮ್ಮೆ ಮಾಡಿದ್ರ ಮಾತ್ರ ಉಪಯೋಗ. ಒಂದೇ ಮಾತು ಎರಡು ಕಡೆ ಬರ್ಯೋದು ಯಾಕ ಅನ್ನೋರು ಮನಿ ಮಷೀನ್‌ನ್ಯಾಗ ಆರ್‌ಸಿಸ್‌ಲಾಗ್ ತೆಗದೇ ಬಿಡಬಹುದು, ಉಬುಂಟುದ ಮೂಲವಾದ ಡೆಬಿಯನ್‌ನವರು 2023ರಾಗ ಬಂದ 12ನೇ ಆವೃತ್ತಿಯಿಂದ ಅದನ್ನ ತಾವಾಗಿ ಹಾಕೋದು ಬಿಟ್ಟಾರ. ಫೇಲ್‌ಟುಬ್ಯಾನ್ (ತಪ್ಪು ಪಾಸ್‌ವರ್ಡ್ ಹಾಕ್ಕೊಂತ ಬರೋರನ್ನ ತಡಿಯೋ ಸಾಫ್ಟ್‌ವೇರ್) ಹಾಕಿದ್ರ ಮಾತ್ರ ನೋಡಿ ತಗೀರಿ, ಅದು ಆರ್‌ಸಿಸ್‌ಲಾಗಿನ ಫೈಲ್ ಓದ್ತಿರಬಹುದು.

ಎರಡು ತಪ್ಪು ತಿಳುವಳಿಕೆ ಬಾಳ ಹಬ್ಬೈತಿ. ಬೂಟ್ ಸಾಲಿನ್ಯಾಗ ಕ್ವೈಟ್ ಅಂತನೋ ಲಾಗ್‌ಲೆವೆಲ್=3 ಅಂತನೋ ಹಾಕಿದ್ರ ಲಾಗ್ ಕಡಿಮಿ ಆಗ್ತೈತಿ ಅಂತ ಒಂದು. ಅದು ಪರದೆ ಮ್ಯಾಲೆ ಬರೋದನ್ನ ತಡೀತೈತಿ, ಫೈಲಿನ್ಯಾಗ ಬರ್ಯೋದು ಹಂಗೇ ನಡೀತೈತಿ. ಇನ್ನೊಂದು, ಅದೇ ಜರ್ನಲ್‌ಡಿ.ಕಾನ್ಫ್ ಫೈಲಿನ್ಯಾಗ ಸ್ಟೋರೇಜ್=ನನ್ ಹಾಕಿ ಜರ್ನಲ್ ಇಡೋದೇ ಬಂದ್ ಮಾಡೋದು. ಹಂಗ ಮಾಡಿದ ಮಷೀನ್ ಕೆಟ್ಟು ನನ್ನ ಹಂತ್ಯಾಕ ಬಂದ್ರ ನಾ ಏನು ನೋಡಿ ಹೇಳ್ಲಿ? ಎಸ್‌ಡಿ ಕಾರ್ಡ್ ಮ್ಯಾಲೆ ಓಡೋ ಅಂಗೈಯಷ್ಟು ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಸ್ಟೋರೇಜ್=ವೊಲಟೈಲ್ ಹಾಕ್ತಾರ, ಲಾಗ್ ಮೆಮರಿಯೊಳಗ ಮಾತ್ರ ಇರ್ತೈತಿ, ಕಾರ್ಡ್ ಸವಿಯಂಗಿಲ್ಲ, ಅದು ತಿಳುವಳಿಕೆ ಮಾತು, ಆದ್ರ ಕರೆಂಟ್ ಹೋದ್ರ ಎಲ್ಲ ಹೋತು ಅನ್ನೋದು ನೆನಪಿರ್ಲಿ.

ಆಫೀಸಿನವರು ಇನ್ನೊಂದು ಲಕ್ಷ್ಯದಾಗ ಇಡ್ರಿ. ಮನಿ ಮಷೀನಿಗೆ ಹೇಳಿದ 200ಎಂ ನಿಮಗಲ್ಲ. ಕೇಂದ್ರ ಸರ್ಕಾರದ, ಸೈಬರ್ ಸುರಕ್ಷತೆ ನೋಡ್ಕೊಳ್ಳೋ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆ, ಕಂಪನಿ, ಡೇಟಾ ಸೆಂಟರ್ ಮತ್ತ ಇಂಟರ್ನೆಟ್ ಸೇವೆ ಕೊಡೋರು ತಮ್ಮ ಸಿಸ್ಟಮ್ಮಿನ ಲಾಗ್ 180 ದಿನ ಜೋಪಾನ ಇಡ್ಬೇಕು. ಹಂಗಾಗಿ ನೀವು ಕಸ ಬರ್ಯೋದನ್ನ ಮೂಲದಾಗ ನಿಲ್ಲಿಸಿ, ಲಾಗಿನ ಜಾಗಕ್ಕ ಬ್ಯಾರೆ ಪಾರ್ಟಿಷನ್ ಮಾಡಿ /ವಾರ್/ಲಾಗ್ ಅಲ್ಲಿಗೆ ಹಾಕ್ರಿ, ಅದು ತುಂಬಿದ್ರೂ ಮಷೀನ್ ನಿಂದರಂಗಿಲ್ಲ. ಜಾಗ ಇಲ್ಲಂತ ವ್ಯಾಕ್ಯೂಮ್ ಹೊಡದು ಕುಂತ್ರ ನಾಳೆ ಯಾರಾರ ಸರ್ವರಿಗೆ ಕನ್ನ ಹಾಕಿದಾಗ ತೋರಿಸಾಕ ಒಂದು ಸಾಲೂ ಇರಂಗಿಲ್ಲ.

ಸಂಪಾದಕರೇ, ನನ್ನ ಬೇಡಿಕೆ ಇಷ್ಟ. ಸಾಲಿ, ಗ್ರಂಥಾಲಯಕ್ಕ ಲಿನಕ್ಸ್ ಹಾಕಿಕೊಡೋರು ಹಾಕಿದ ದಿನಾನ ಜರ್ನಲ್ ಮಿತಿ ಮತ್ತ ಲಾಗ್‌ರೊಟೇಟ್ ಮಿತಿ ಎರಡೂ ಮಾಡಿ, ಏನು ಮಾಡೀವಿ ಅಂತ ಒಂದು ಹಾಳ್ಯಾಗ ಕನ್ನಡದಾಗ ಬರದು ಹೆಡ್‌ಮಾಸ್ಟರ್ ಕೈಯಾಗ ಕೊಡ್ಲಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಐಟಿಐ, ಡಿಪ್ಲೊಮಾ ಕಾಲೇಜಿನ ಹುಡುಗರಿಗೆ ಲಿನಕ್ಸ್ ಕಲಿಸೋವಾಗ ಇನ್‌ಸ್ಟಾಲ್ ಮಾಡೋದು ತೋರಿಸಿ ಬಿಡ್ತಾರ, ಲಾಗ್ ಓದೋದನ್ನೂ ಒಂದೆರಡು ಪೀರಿಯಡ್ ಕಲಿಸ್ಲಿ, ಊರಾಗ ಅಂಗಡಿ ಹಾಕೋರು ಆ ಹುಡುಗರೇ. ಮತ್ತ ಫಾರ್ಮ್ಯಾಟ್ ಮಾಡ್ತೀವಿ ಅನ್ನೋ ಅಂಗಡ್ಯಾಗ ಗಿರಾಕಿಗಳು, ಮೊದ್ಲ ಡಿಎಫ್ -ಎಚ್ ಹೊಡದು ತೋರಿಸ್ರಿ ಅಂತ ಬಾಯಿ ಬಿಟ್ಟು ಕೇಳ್ರಿ, ಕೇಳಾಕ ನಾಚಿಕಿ ಬ್ಯಾಡ, ಒಳಗಿರೋ ಫೈಲ್ ನಿಮ್ಮವು.

ಇಂತಿ,
ನಿಮ್ಮ ಪತ್ರಿಕೆ ಓದುಗ, ಕಂಪ್ಯೂಟರ್ ರಿಪೇರಿ ಕೆಲಸದವ
ಗಂಗಾವತಿ, ಕೊಪ್ಪಳ ಜಿಲ್ಲೆ